ಕಾಫಿ ತೋಟದಲ್ಲಿ ಕಳೆ ಹೊಡೆಯುವ ಪೆಟ್ರೋಲ್ ಮೆಷಿನ್: ಅಪಾಯವಿಲ್ಲದೆ ಓಡಿಸುವುದು, ಕೆಡದಂತೆ ನೋಡಿಕೊಳ್ಳುವುದು

ಜೂನ್ ಮಳೆ ಹಿಡಿದರೆ ಸಾಕು, ಕೊಡಗಿನ ತೋಟಗಳಲ್ಲಿ ಕಳೆ ಮೊಣಕಾಲೆತ್ತರ ಏಳುತ್ತದೆ. ಹಿಂದೆ ಇದಕ್ಕೆ ಆಳುಗಳು ಕತ್ತಿ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಈಗ ಆಳು ಸಿಗುವುದೇ ಕಷ್ಟ. ಹಾಗಾಗಿ ನಾಪೋಕ್ಲುವಿನಿಂದ ಕುಟ್ಟದವರೆಗೆ ಸಣ್ಣ ಬೆಳೆಗಾರರ ಕೊಟ್ಟಿಗೆಯಲ್ಲೂ ಕಳೆ ಹೊಡೆಯುವ ಮೆಷಿನ್, ಅಂದರೆ ಒಂದು ಬ್ರಷ್ ಕಟ್ಟರ್ ನೇತಾಡುತ್ತಿರುತ್ತದೆ. ಅಂಗಡಿಯವರು ತರುವ ದಿನ ಐದು ನಿಮಿಷ ಓಡಿಸಿ ತೋರಿಸುತ್ತಾರೆ. ಜೊತೆಗೆ ಬಂದ ಪುಸ್ತಕವನ್ನು ಯಾರೂ ಬಿಚ್ಚುವುದಿಲ್ಲ.

ತೊಂದರೆ ಶುರುವಾಗುವುದು ಇಲ್ಲೇ. ಕಳೆ ಯಾವುದು, ಕಾಫಿ ಸಸಿ ಯಾವುದು, ಮೆಣಸಿನ ಬಳ್ಳಿ ಯಾವುದು, ಕಾಲು ಯಾವುದು ಎಂದು ಮೆಷಿನ್‌ಗೆ ತಿಳಿಯುವುದಿಲ್ಲ. ಅದನ್ನು ಎಲ್ಲಿ ಓಡಿಸಬಾರದು ಎಂದು ಮೊದಲು ತೀರ್ಮಾನಿಸಿ. ಸ್ಟಾರ್ಟ್ ಮಾಡುವುದು ಆಮೇಲೆ.

ಮೆಷಿನ್ ಮತ್ತು ಬ್ಲೇಡ್

ಪೆಟ್ರೋಲ್ ಮೆಷಿನ್‌ಗಳಲ್ಲಿ ಎರಡು ಬಗೆ. ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲ್ ಜೊತೆಯಲ್ಲೇ 2ಟಿ ಆಯಿಲ್ ಬೆರೆಸಬೇಕು. ಹಗುರ, ಶಕ್ತಿ ಜಾಸ್ತಿ, ಹೊಗೆಯೂ ಜಾಸ್ತಿ. ಫೋರ್ ಸ್ಟ್ರೋಕ್‌ಗೆ ಬರೀ ಪೆಟ್ರೋಲ್ ಸಾಕು, ಎಂಜಿನ್ ಆಯಿಲ್ ಬೇರೆ ಕಡೆ ಹಾಕಬೇಕು. ಇದಕ್ಕೆ ಹೋಂಡಾದ 35.8 ಸಿಸಿ ಎಂಜಿನ್ ಒಳ್ಳೆಯ ಉದಾಹರಣೆ. ಅದರ ಹೊಟ್ಟೆಗೆ ಹಿಡಿಯುವುದು ಸುಮಾರು 100 ಮಿ.ಲೀ. ಆಯಿಲ್ ಮಾತ್ರ. ಸ್ವಲ್ಪ ಕಡಿಮೆಯಾದರೂ ಎಂಜಿನ್‌ಗೆ ಪೆಟ್ಟು ಬೀಳುತ್ತದೆ, ಹಾಗಾಗಿ ದಿನಾ ನೋಡಲೇಬೇಕು.

ಇನ್ನು ಹೊರುವ ರೀತಿ. ಹೆಗಲಿಗೆ ಪಟ್ಟಿ ಹಾಕಿ ಬಲಗಡೆ ನೇತುಹಾಕುವ, ಎರಡು ಹಿಡಿಯ ಮೆಷಿನ್ ಸಮತಟ್ಟು ಜಾಗಕ್ಕೆ ಚೆನ್ನ. ಬೆನ್ನಿಗೆ ಕಟ್ಟುವ ಮೆಷಿನ್ ಇಳಿಜಾರಿಗೆ, ಗಿಡಗಳ ಸಂದಿಗೆ ಅನುಕೂಲ. ಆದರೆ ಜಾರಿ ಬಿದ್ದರೆ ಅದನ್ನು ತಕ್ಷಣ ಕಳಚುವುದು ಕಷ್ಟ. ಬೆನ್ನಿನ ಮೆಷಿನ್ ಇರುವವರು ಎಂಜಿನ್ ಬಂದ್ ಇರುವಾಗಲೇ ಬಕಲ್ ಬಿಚ್ಚಿ ಮೆಷಿನ್ ಕೆಳಗೆ ಬಿಡುವುದನ್ನು ಕೆಲವು ಸಲ ಅಭ್ಯಾಸ ಮಾಡಿ. ಕಣ್ಣು ಮುಚ್ಚಿದರೂ ಕೈ ಬಕಲ್‌ಗೆ ಹೋಗುವಂತಿರಬೇಕು.

ಮೆಷಿನ್ನಿನ ತಲೆಗೆ ಏನು ಹಾಕಬೇಕು ಎಂಬುದು ಕಳೆಯನ್ನು ನೋಡಿ ತೀರ್ಮಾನಿಸುವ ವಿಷಯ. ಅಂಗಳ, ಕಣದ ಸುತ್ತ, ಕಲ್ಲುಗೋಡೆಯ ಬದಿಯ ಮೆತ್ತಗಿನ ಹುಲ್ಲಿಗೆ ನೈಲಾನ್ ದಾರ. ತೋಟದ ಒಳಗಿನ ದಪ್ಪ ಹುಲ್ಲು, ಕಮ್ಯುನಿಸ್ಟ್ ಗಿಡದಂಥ ಪೊದೆ ಕಳೆಗೆ ಮೂರು ಹಲ್ಲಿನ ಬ್ಲೇಡ್. ಲಂಟಾನದ ಬೊಡ್ಡೆಗೆ, ಹೆಬ್ಬೆರಳು ದಪ್ಪದ ಕಾಡುಗಿಡಕ್ಕೆ ಗರಗಸದಂತೆ ಹಲ್ಲಿರುವ ದುಂಡು ಬ್ಲೇಡ್. ಬ್ಲೇಡ್ ಬದಲಾದರೆ ಅದರ ಹಿಂದಿನ ಗಾರ್ಡನ್ನೂ ಬದಲಾಯಿಸಬೇಕಾಗಬಹುದು, ಪುಸ್ತಕ ನೋಡಿ. ಹುಲ್ಲು ಸಿಕ್ಕಿಕೊಳ್ಳುತ್ತದೆ ಎಂದು ಗಾರ್ಡನ್ನೇ ಬಿಚ್ಚಿ ಎಸೆಯುವವರು ಬಹಳ ಜನ. ಹಾರುವ ಕಲ್ಲಿಗೂ ನಿಮ್ಮ ಮೊಣಕಾಲಿಗೂ ನಡುವೆ ಇರುವುದು ಅದೊಂದೇ.

ನೈಲಾನ್ ದಾರ ಬೇಗ ಸವೆಯುತ್ತದೆ ಎಂದು ಬೈಕಿನ ಕ್ಲಚ್ ವೈರ್, ಬೇಲಿ ತಂತಿ ಕಟ್ಟುವ ಉಪಾಯವನ್ನು ಯಾರೋ ಹೇಳಿಕೊಟ್ಟಿರುತ್ತಾರೆ. ಮಾಡಬೇಡಿ. ಆ ವೇಗದಲ್ಲಿ ತುಂಡಾದ ತಂತಿ ಎತ್ತ ಹೋಗುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸುವುದೂ ಇದೇ ಜಾತಿಯ ಉಪಾಯ. ಬ್ಲೇಡ್ ಎಷ್ಟಾದರೂ ಸಿಗುತ್ತದೆ.

ಮೊದಲು ತೋಟ ಸುತ್ತಿ ಬನ್ನಿ

ಮೆಷಿನ್ ಎತ್ತಿಕೊಳ್ಳುವ ಮೊದಲು, ಅಂದು ಹೊಡೆಯಬೇಕಾದ ಜಾಗವನ್ನು ಕೈಯಲ್ಲಿ ಬರೀ ಒಂದು ಕತ್ತಿ ಹಿಡಿದು ಸುತ್ತಿ ಬನ್ನಿ. ಕಳೆಯ ಅಡಿಯಲ್ಲಿ ಅಡಗಿರುವುದು ಏನೆಲ್ಲ: ಕಲ್ಲು, ಹಳೇ ಬೊಡ್ಡೆ, ಮರ ಕಪಾತು ಮಾಡಿದಾಗ ಬಿದ್ದ ಕೊಂಬೆ, ಸ್ಪ್ರಿಂಕ್ಲರ್ ಪೈಪು, ತುಕ್ಕು ಹಿಡಿದ ಮುಳ್ಳುತಂತಿ, ಸೋಲಾರ್ ಬೇಲಿಯಿಂದ ಕಳಚಿ ಬಿದ್ದ ತಂತಿ. ತಂತಿ ಬ್ಲೇಡಿಗೆ ಸುತ್ತಿಕೊಂಡರೆ ತುದಿ ಬೀಸಿ ಹೊಡೆಯುತ್ತದೆ. ತೆಗೆಯಲು ಆಗುವುದನ್ನು ತೆಗೆಯಿರಿ, ಆಗದ್ದರ ಪಕ್ಕ ಕೋಲು ನೆಟ್ಟು ಒಂದು ಬಣ್ಣದ ಬಟ್ಟೆ ಕಟ್ಟಿ. ಮಳೆನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಗಳನ್ನು ಮರೆಯಬೇಡಿ. ಕಳೆ ಮುಚ್ಚಿದ ಗುಂಡಿಗೆ ಒಂದು ಕಾಲು ಹೋದರೆ ಓಡುತ್ತಿರುವ ಬ್ಲೇಡ್ ಎಲ್ಲಿ ಬೀಳುತ್ತದೆ ಎಂದು ಯೋಚಿಸಿ ನೋಡಿ.

ಹೊಸದಾಗಿ ನೆಟ್ಟ ಕಾಫಿ ಸಸಿಗಳ ಪಕ್ಕ ಒಂದೊಂದು ಗೂಟ ಇರಲೇಬೇಕು. ಹುಲ್ಲಿನ ನಡುವೆ ಒಂದಡಿ ಸಸಿ ಕಾಣುವುದೇ ಇಲ್ಲ.

ಸುತ್ತುವಾಗಲೇ ಕಣಜದ ಗೂಡು ಇದೆಯೇ ನೋಡಿ. ಕಾಫಿ ಗಿಡದ ಕೆಳಗಿನ ರೆಕ್ಕೆಗಳಲ್ಲೂ (ಅಡ್ಡ ಕೊಂಬೆಗಳಲ್ಲೂ) ಅವು ಗೂಡು ಕಟ್ಟುತ್ತವೆ, ನೆಲದ ಬಿಲದಲ್ಲೂ ಇರುತ್ತವೆ. ಹಾವು ಸಾಮಾನ್ಯವಾಗಿ ಸದ್ದಿಗೆ, ನೆಲದ ನಡುಕಕ್ಕೆ ಜಾಗ ಬಿಡುತ್ತದೆ. ಆದರೆ ಕೊಳಕುಮಂಡಲ, ಗುಳಿಮಂಡಲಗಳು ಸುರುಳಿ ಸುತ್ತಿ ಅಲ್ಲೇ ಮಲಗಿರುವುದು ಜಾಸ್ತಿ. ಗಂಬೂಟು ಹಾಕದೆ ಕಳೆಗೆ ಇಳಿಯಬೇಡಿ ಎಂದು ಹೇಳುವುದು ಜಿಗಣೆಯೊಂದಕ್ಕೇ ಅಲ್ಲ.

ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ, ತಿತಿಮತಿ ಕಡೆಯವರಿಗೆ ಇನ್ನೊಂದು ಮಾತು. ಆನೆ ತೋಟದಲ್ಲಿ ನಿಂತಿದ್ದರೆ ಕತ್ತಿ ಹಿಡಿದವನಿಗೆ ಕೊಂಬೆ ಮುರಿಯುವ ಸದ್ದು ಕೇಳುತ್ತದೆ. ಮೆಷಿನ್ ಹಿಡಿದು ಕಿವಿ ಮುಚ್ಚಿಕೊಂಡವನಿಗೆ ಏನೂ ಕೇಳುವುದಿಲ್ಲ. ಬೆಳಿಗ್ಗೆ ಮಂಜು ಕರಗುವ ಮೊದಲು ಶುರು ಮಾಡಬೇಡಿ. ರಾತ್ರಿ ಆನೆ ಬಂದಿದ್ದರೆ ಲದ್ದಿ, ಹೆಜ್ಜೆ, ಮುರಿದ ಬೈನೆ ಮರ ಕಾಣುತ್ತದೆ. ಲದ್ದಿ ಹಸಿಯಾಗಿದ್ದರೆ ಅಂದಿನ ಕೆಲಸ ಬಿಟ್ಟು, ಆನೆ ಓಡಿಸಲು ಬರುವ ಅರಣ್ಯ ಇಲಾಖೆಯ ಆರ್‌ಆರ್‌ಟಿ ತಂಡಕ್ಕೆ ತಿಳಿಸಿ. ಉಳಿದ ದಿನವೂ ದೂರದಲ್ಲಿ ಒಬ್ಬರು ಮೆಷಿನ್ ಇಲ್ಲದೆ ಕಾವಲು ನಿಂತಿರಲಿ. ಒಂದು ಕೂಲಿ ದಂಡ ಅಂತ ಅನ್ನಿಸಬಹುದು. ನಾನಂತೂ ಅದನ್ನು ಖರ್ಚು ಎಂದು ಲೆಕ್ಕ ಹಾಕುವುದಿಲ್ಲ.

ಮೈಮೇಲೆ ಏನಿರಬೇಕು

ಮುಖಕ್ಕೆ ಜಾಲರಿಯ ಶೀಲ್ಡ್, ಅದರ ಒಳಗೆ ಕನ್ನಡಕ. ಜಾಲರಿ ಒಂದೇ ಸಾಲದು, ಸಣ್ಣ ಚೂರುಗಳು ಅದರ ತೂತಿನಲ್ಲಿ ನುಗ್ಗುತ್ತವೆ. ಕಿವಿಗೆ ಮಫ್. ಈ ಎಂಜಿನ್‌ಗಳ ಸದ್ದು 100 ಡೆಸಿಬಲ್ ಆಸುಪಾಸು ಇರುತ್ತದೆ. ಹತ್ತಿ ತುರುಕಿದರೆ ಹೆಚ್ಚೇನೂ ತಡೆಯುವುದಿಲ್ಲ. ಕೈಗೆ ಗವಸು, ಮೊಣಕಾಲಿನಿಂದ ಪಾದದವರೆಗೆ ಗಟ್ಟಿ ಗಾರ್ಡ್, ಕಾಲಿಗೆ ಹಿಡಿತವಿರುವ ಬೂಟು.

ಲುಂಗಿ, ಪಂಚೆ, ಕುತ್ತಿಗೆಗೆ ಸುತ್ತಿದ ಟವೆಲ್ ಬೇಡ. ಮಳೆಯಲ್ಲಿ ಕೆಲವರು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡೇ ಮೆಷಿನ್ ಹಿಡಿಯುತ್ತಾರೆ. ಅದರ ಅಂಚು ಗಾಳಿಗೆ ಹಾರಿ ಬಿಸಿ ಸೈಲೆನ್ಸರ್‌ಗೆ ಅಂಟುತ್ತದೆ, ಇಲ್ಲವೇ ತಿರುಗುವ ಕಡೆ ಸಿಕ್ಕಿಕೊಳ್ಳುತ್ತದೆ. ಮೈಗೆ ಹತ್ತಿಕೊಂಡಿರುವ ರೇನ್‌ಕೋಟ್ ಹಾಕಿ. ಜೋರು ಮಳೆಯಾದರೆ ಸುಮ್ನೆ ಕೂತು ಕಾಫಿ ಕುಡಿಯಿರಿ. ಒದ್ದೆ ಇಳಿಜಾರಿನಲ್ಲಿ ಕೆಲಸವೂ ಸಾಗುವುದಿಲ್ಲ, ಕಾಲೂ ನಿಲ್ಲುವುದಿಲ್ಲ.

ಪೆಟ್ರೋಲ್, ಆಯಿಲ್

ನಾನು ನೋಡಿದ ಮಟ್ಟಿಗೆ ಟೂ ಸ್ಟ್ರೋಕ್ ಮೆಷಿನ್‌ಗಳು ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲಿ. ಹಲವು ಕಂಪನಿಗಳು ಒಳ್ಳೆಯ 2ಟಿ ಆಯಿಲ್ ಹಾಕಿದರೆ 50ಕ್ಕೆ 1 ಎನ್ನುತ್ತವೆ. ಅಂದರೆ 1 ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. ಕಡಿಮೆ ಬೆಲೆಯ ಹಲವು ಮೆಷಿನ್‌ಗಳಲ್ಲಿ 25ಕ್ಕೆ 1 ಎಂದು ಬರೆದಿರುತ್ತದೆ. ಅದಕ್ಕೆ ಲೀಟರಿಗೆ 40 ಮಿ.ಲೀ. ಬೇಕು. ನಿಮ್ಮ ಮೆಷಿನ್‌ನದು ಯಾವುದು ಎಂದು ಟ್ಯಾಂಕಿನ ಮೇಲೆ ಅಥವಾ ಪುಸ್ತಕದಲ್ಲಿ ನೋಡಿ ಕ್ಯಾನಿನ ಮೇಲೆ ದೊಡ್ಡದಾಗಿ ಬರೆದಿಡಿ. ಬಾಟಲಿ ಮುಚ್ಚಳದ ಅಂದಾಜು ಬೇಡ, ಔಷಧಿಯ ಅಳತೆ ಕಪ್ ಸಿಕ್ಕರೂ ಸಾಕು. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಪ್ಲಗ್ಗಿಗೂ ಸೈಲೆನ್ಸರ್‌ಗೂ ಮಸಿ ಕಟ್ಟುತ್ತದೆ.

ಬೆರೆಸುವಾಗ ಮೊದಲು ಅರ್ಧ ಪೆಟ್ರೋಲ್, ಆಮೇಲೆ ಆಯಿಲ್, ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲ್ ಸೇರಿಸಿ ಮತ್ತೆ ಕುಲುಕಿ. ಇದನ್ನು ಕ್ಯಾನಿನಲ್ಲೇ ಮಾಡಿ, ಮೆಷಿನ್ ಟ್ಯಾಂಕಿನಲ್ಲಿ ಅಲ್ಲ. ಫೋರ್ ಸ್ಟ್ರೋಕ್ ಮೆಷಿನ್‌ಗೆ ಈ ಮಿಶ್ರಣ ಹಾಕಲೇಬೇಡಿ. ಎರಡೂ ಬಗೆಯ ಮೆಷಿನ್ ಇರುವ ಮನೆಯಲ್ಲಿ ಎರಡು ಬಣ್ಣದ ಕ್ಯಾನ್ ಇಟ್ಟರೆ ಗಲಾಟೆಯೇ ಇಲ್ಲ.

ಈಗ ಬಂಕುಗಳಲ್ಲಿ ಹೆಚ್ಚಾಗಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಎಷ್ಟೋ ಮೆಷಿನ್‌ಗಳ ಪುಸ್ತಕದಲ್ಲಿ ಶೇ. 10ಕ್ಕಿಂತ ಜಾಸ್ತಿ ಬೇಡ ಎಂದಿದೆ. ಎಥನಾಲ್ ರಬ್ಬರ್ ಪೈಪನ್ನೂ ಕಾರ್ಬ್ಯುರೇಟರ್ ಒಳಗಿನ ಡಯಾಫ್ರಮ್ಮನ್ನೂ ಹಾಳುಮಾಡುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ತೇವ. ಎಥನಾಲ್ ಗಾಳಿಯ ನೀರನ್ನು ಹೀರುತ್ತದೆ, ಕೊಡಗಿನ ಮಳೆಗಾಲದ ಗಾಳಿಯಲ್ಲಿ ನೀರಿಗೇನು ಬರ! ನೀರು ಮಿತಿ ಮೀರಿದರೆ ಎಥನಾಲ್ ಅದರ ಜೊತೆ ಸೇರಿ ಟ್ಯಾಂಕಿನ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ನೀವು ಹಾಕಿದ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತದೆ. ಎಂಜಿನ್ ಹೀರುವುದು ತಳದಿಂದ. ಹಾಗಾಗಿ ವಾರಕ್ಕೆ ಬೇಕಾದಷ್ಟೇ ತನ್ನಿ, ಬಿಗಿ ಮುಚ್ಚಳದ ಕ್ಯಾನಿನಲ್ಲಿ ತುಂಬಾ ಖಾಲಿ ಜಾಗ ಬಿಡದೆ ಇಡಿ. ತಿಂಗಳು ದಾಟಿದ ಮಿಶ್ರಣವನ್ನು ಮೆಷಿನ್‌ಗೆ ಹಾಕಬೇಡಿ.

ಪೆಟ್ರೋಲ್ ತುಂಬುವಾಗ ಎಂಜಿನ್ ಬಂದ್ ಮಾಡಿ, ಸೈಲೆನ್ಸರ್ ಆರುವವರೆಗೆ ಹತ್ತು ನಿಮಿಷ ಬಿಡಿ. ಬೀಡಿ ಸಿಗರೇಟು ಹತ್ತಿರ ಬರಬಾರದು. ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಹೋಗಿ ಸ್ಟಾರ್ಟ್ ಮಾಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆಗೆ ಮುನ್ನ ಒಣ ದರಗು ಕಾಲಿಗೆ ಸಿಗುವಷ್ಟು ಬಿದ್ದಿರುತ್ತದೆ. ಆಗ ಬಿಸಿ ಮೆಷಿನ್ ಅನ್ನು ದರಗಿನ ಮೇಲೆ ಮಲಗಿಸಿದರೆ ಬೆಂಕಿ ಬೀಳಬಹುದು. ಬರಿ ಮಣ್ಣಿನ ಮೇಲೆ ಅಥವಾ ಕಲ್ಲಿನ ಮೇಲೆ ಇಡಿ.

ಸ್ಟಾರ್ಟ್ ಮಾಡುವ ಕ್ರಮ

1. ಬ್ಲೇಡ್ ನಟ್ ಬಿಗಿ ಇದೆಯೇ, ಗಾರ್ಡ್ ಅಲುಗಾಡುತ್ತದೆಯೇ, ಬ್ಲೇಡಿನಲ್ಲಿ ಬಿರುಕಿದೆಯೇ ನೋಡಿ. ಈ ನಟ್‌ಗೆ ಸಾಮಾನ್ಯವಾಗಿ ಎಡ ಮರೆ ಇರುತ್ತದೆ. ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಗೊತ್ತಿಲ್ಲದೆ ಉಲ್ಟಾ ತಿರುಗಿಸಿ ಮರೆ ಕೆಡಿಸಿಕೊಂಡವರು ಕಡಿಮೆಯಿಲ್ಲ.
2. ಮೆಷಿನ್ ನೆಲದ ಮೇಲೆ ಇಡಿ. ಬ್ಲೇಡ್ ಏನನ್ನೂ ಮುಟ್ಟಬಾರದು. ಸ್ವಿಚ್ ಆನ್ ಮಾಡಿ, ಪ್ರೈಮರ್ ಗುಳ್ಳೆಯಲ್ಲಿ ಪೆಟ್ರೋಲ್ ಕಾಣುವವರೆಗೆ ಒತ್ತಿ.
3. ತಣ್ಣಗಿರುವ ಎಂಜಿನ್‌ಗೆ ಚೋಕ್ ಹಾಕಿ. ಬಿಸಿ ಎಂಜಿನ್‌ಗೆ ಚೋಕ್ ಬೇಡ.
4. ಒಂದು ಕೈಯಲ್ಲಿ ಮೆಷಿನ್ ನೆಲಕ್ಕೆ ಒತ್ತಿ ಹಿಡಿದು ಹಗ್ಗ ಎಳೆಯಿರಿ. ಮೊದಲು ಮೆಲ್ಲಗೆ, ಬಿಗಿ ಸಿಕ್ಕ ಮೇಲೆ ಜೋರಾಗಿ. ಪೂರ್ತಿ ಉದ್ದಕ್ಕೆ ಎಳೆಯಬೇಡಿ, ಕೈಬಿಟ್ಟು ಪಟ್ಟನೆ ಹಿಂದೆ ಹೋಗಲು ಬಿಡಬೇಡಿ.
5. ಒಮ್ಮೆ ಉಗುಳಿದ ಸದ್ದು ಬಂದ ಕೂಡಲೇ ಚೋಕ್ ತೆಗೆಯಿರಿ. ಮತ್ತೆ ಎಳೆಯಿರಿ. ಚೋಕ್ ತೆಗೆಯದೆ ಎಳೆಯುತ್ತಾ ಹೋದರೆ ಪ್ಲಗ್ ಒದ್ದೆಯಾಗಿ ಅರ್ಧ ದಿನ ಹೋಗುತ್ತದೆ.
6. ಒಂದೆರಡು ನಿಮಿಷ ಬಿಸಿಯಾಗಲಿ. ಆಕ್ಸಿಲರೇಟರ್ ಬಿಟ್ಟಾಗ ಬ್ಲೇಡ್ ನಿಲ್ಲಲೇಬೇಕು. ನಿಲ್ಲದಿದ್ದರೆ ಐಡಲ್ ಸ್ಕ್ರೂ ಸ್ವಲ್ಪ ಸಡಿಲಿಸಿ. ಆಗಲೂ ತಿರುಗಿದರೆ ಕ್ಲಚ್ ಕೆಟ್ಟಿದೆ, ಅಂದು ತೋಟಕ್ಕೆ ಇಳಿಯಬೇಡಿ.

ಪಟ್ಟಿಯನ್ನು ನಿಮ್ಮ ಎತ್ತರಕ್ಕೆ ಸರಿ ಮಾಡಿಕೊಳ್ಳಿ. ಕೈ ಬಿಟ್ಟರೂ ಬ್ಲೇಡ್ ನೆಲಕ್ಕೆ ಹೆಚ್ಚುಕಡಿಮೆ ಸಮನಾಗಿ ತೂಗುತ್ತಿರಬೇಕು. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಹಾಗೇ ಹಾಕಿಕೊಂಡು ಹೋಗುವುದರಿಂದಲೇ ಸಂಜೆ ಸೊಂಟ ನೋವು.

ಹೊಡೆಯುವ ರೀತಿ

ಮೇಲಿನಿಂದ ನೋಡಿದರೆ ಹೆಚ್ಚಿನ ಮೆಷಿನ್‌ಗಳ ಬ್ಲೇಡ್ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಬ್ಲೇಡನ್ನೇ ಗಡಿಯಾರದ ಮುಖ ಎಂದುಕೊಳ್ಳಿ, ನಿಮ್ಮ ಎದುರು 12. ಆಗ 12ರಿಂದ 3ರವರೆಗಿನ ಭಾಗ ಅಪಾಯದ್ದು. ಆ ಮೂಲೆ ಕಲ್ಲಿಗೋ ಬೊಡ್ಡೆಗೋ ತಾಗಿದರೆ ಮೆಷಿನ್ ಒಮ್ಮೆಲೇ ಚಿಮ್ಮುತ್ತದೆ, ಹಿಡಿದವನನ್ನೂ ತಿರುಗಿಸಿಬಿಡುತ್ತದೆ. ಕಳೆಗೆ ಬ್ಲೇಡಿನ ಎಡಭಾಗ ಕೊಡಿ. ಬಲದಿಂದ ಎಡಕ್ಕೆ ಬೀಸುತ್ತಾ ಒಂದು ಹೆಜ್ಜೆ ಮುಂದಿಡಿ. ತೋಳಿನಿಂದ ಅಲ್ಲ, ಸೊಂಟದಿಂದ ತಿರುಗಿ. ಕಳೆಗೆ ತಾಗುವ ಮೊದಲೇ ವೇಗ ಏರಿರಲಿ.

ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು. ಇಬ್ಬರು ಮೆಷಿನ್ ಹಿಡಿದಿದ್ದರೆ ಅವರ ನಡುವೆಯೂ ಅಷ್ಟೇ ದೂರ. ಕಾರ್ಮಿಕರ ಲೈನ್ ಮನೆಯ ಮಕ್ಕಳು, ನಾಯಿ, ಚಹಾ ತರುವವರು ಹಿಂದಿನಿಂದ ಬರುವುದು ತೋಟದಲ್ಲಿ ಮಾಮೂಲಿ. ಹಿಂದಿನಿಂದ ಹೆಗಲು ತಟ್ಟಿ ಕರೆಯಬೇಡಿ ಎಂದು ಎಲ್ಲರಿಗೂ ಹೇಳಿಡಿ. ಅವನು ತಿರುಗಿದರೆ ಬ್ಲೇಡೂ ತಿರುಗುತ್ತದೆ. ದೂರದಲ್ಲೇ ನಿಂತು ಎದುರಿಗೆ ಕಾಣುವಂತೆ ಕೈ ಎತ್ತಲಿ.

ಬರೆಯ (ಕಡಿದಾದ ದಿಬ್ಬದ) ಇಳಿಜಾರಿನಲ್ಲಿ ಮೇಲಕ್ಕೆ ಕೆಳಕ್ಕೆ ಹತ್ತಿಳಿಯುತ್ತಾ ಹೊಡೆಯಬೇಡಿ, ಅಡ್ಡಕ್ಕೆ ಸಾಗಿ. ನಿಮ್ಮ ಕೆಳಗಡೆ ಯಾರೂ ಇರಬಾರದು. ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಹಠವಾದಿ. ನೆಲ ಬೋಳಾಗುವಂತೆ ಹೊಡೆಸುವುದು ನನಗೆ ಸರಿ ಕಾಣುವುದಿಲ್ಲ. ಮೂರು ನಾಲ್ಕು ಇಂಚು ಬುಡ ಉಳಿಸಿ. ಬೇರು ಮಣ್ಣನ್ನು ಹಿಡಿದಿಡುತ್ತದೆ, ಕತ್ತರಿಸಿದ ಹುಲ್ಲು ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ, ಬ್ಲೇಡೂ ಕಲ್ಲಿಗೆ ತಾಗುವುದಿಲ್ಲ. ಮಳೆಗೆ ಮೇಲ್ಮಣ್ಣು ತೊಳೆದು ಕಾವೇರಿಗೆ ಹೋದರೆ ಮತ್ತೆ ಅದನ್ನು ಯಾರು ತಂದುಕೊಡುತ್ತಾರೆ?

ಗಿಡದ ಬುಡದಿಂದ ಎರಡಡಿ ಸುತ್ತ ಮೆಷಿನ್ ಬೇಡ. ಅಲ್ಲಿ ಕೈ, ಕತ್ತಿ. ನೈಲಾನ್ ದಾರ ಮೆತ್ತಗೆ ಎಂದು ಗಿಡದ ಹತ್ತಿರ ತರುವವರಿದ್ದಾರೆ. ಎಳೆ ಗಿಡದ ತೊಗಟೆಯನ್ನು ಅದು ಸುತ್ತಲೂ ಸುಲಿದುಬಿಡುತ್ತದೆ. ಸುತ್ತ ತೊಗಟೆ ಹೋದ ಸಸಿ ಕೆಲವು ವಾರದಲ್ಲಿ ಬಾಡುತ್ತದೆ, ಕಾರಣ ಗೊತ್ತಾಗದೆ ನಾವು ಗೊಬ್ಬರ ಹಾಕುತ್ತೇವೆ. ಮೆಣಸಿನ ಬಳ್ಳಿಯದು ಇನ್ನೂ ಸೂಕ್ಷ್ಮ. ಸಿಲ್ವರ್ ಓಕ್, ಹಾಲುವಾಣದ ಬುಡದಲ್ಲಿ ಬಳ್ಳಿಗೆ, ಬೇರಿಗೆ ಗಾಯವಾದರೆ ಮಳೆಗಾಲದಲ್ಲಿ ಸೊರಗು ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ಅದನ್ನು ತರುವ ಫೈಟಾಫ್ತೊರಾ ಎಂಬ ರೋಗಾಣು ಒದ್ದೆ ಮಣ್ಣಿನಲ್ಲೇ ಹರಡುತ್ತದೆ. ಸೊರಗು ಬಿದ್ದ ಬಳ್ಳಿಯ ಹತ್ತಿರ ಹೊಡೆದ ಬ್ಲೇಡನ್ನು ತೊಳೆಯದೆ ಇನ್ನೊಂದು ಬ್ಲಾಕಿಗೆ ಒಯ್ಯಬೇಡಿ.

ಹುಲ್ಲು ಸುತ್ತಿಕೊಂಡರೆ ಎಂಜಿನ್ ಬಂದ್ ಮಾಡಿ, ಬ್ಲೇಡ್ ನಿಂತಿದ್ದನ್ನು ಕಣ್ಣಿನಿಂದ ನೋಡಿ, ಪ್ಲಗ್ ಕ್ಯಾಪ್ ತೆಗೆದು, ಆಮೇಲೆ ಕೈ ಹಾಕಿ. ಆಕ್ಸಿಲರೇಟರ್ ಬಿಟ್ಟರೆ ಸಾಕು ಎನ್ನುವ ಧೈರ್ಯ ಬೇಡ. ಅರ್ಧ ಗಂಟೆಗೊಮ್ಮೆ ಮೆಷಿನ್ ಇಳಿಸಿ. ನಡುಕಕ್ಕೆ ಬೆರಳು ಜೋಮು ಹಿಡಿಯುತ್ತಿದ್ದರೆ, ತುದಿ ಬೆಳ್ಳಗಾಗುತ್ತಿದ್ದರೆ ಆ ಕೆಲಸಕ್ಕೆ ಬೇರೆಯವರನ್ನು ಹಾಕಿ, ವೈದ್ಯರಿಗೂ ತೋರಿಸಿ.

ಗಾಯವಾದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಕಣ್ಣಿಗೆ ಚೂರು ಹೊಕ್ಕಿದ್ದರೆ ಉಜ್ಜಬೇಡಿ, ಕೀಳಬೇಡಿ, ಮೆಲ್ಲಗೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟದ ಎಷ್ಟೋ ಮೂಲೆಗಳಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ಎಲ್ಲಿ ಸಿಗುತ್ತದೆ ಎಂದು ಮೊದಲೇ ತಿಳಿದಿರಲಿ.

ನೋಡಿಕೊಳ್ಳುವುದು

ದಿನಾ ಸಂಜೆ ಹತ್ತು ನಿಮಿಷ ಸಾಕು. ಗಾರ್ಡ್ ಅಡಿಯ ಹುಲ್ಲು ಕೆರೆದು ತೆಗೆಯಿರಿ. ಎಂಜಿನ್‌ನ ರೆಕ್ಕೆಗಳ ನಡುವಿನ ಕಸ ಬ್ರಷ್‌ನಿಂದ ತೆಗೆಯಿರಿ, ಅಲ್ಲಿ ಗಾಳಿ ಆಡದಿದ್ದರೆ ಎಂಜಿನ್ ಕಾಯುತ್ತದೆ. ಹೋಸ್ ಪೈಪಿನಿಂದ ಎಂಜಿನ್‌ಗೆ ನೀರು ಹೊಡೆಯಬೇಡಿ. ಏರ್ ಫಿಲ್ಟರ್ ಸ್ಪಾಂಜಿನದ್ದಾದರೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪುಸ್ತಕ ಹೇಳಿದ್ದರೆ ಮಾತ್ರ ನಾಲ್ಕು ಹನಿ ಆಯಿಲ್ ಹಾಕಿ ಹಿಂಡಿ. ಕಾಗದದ ಫಿಲ್ಟರ್ ಆದರೆ ತಟ್ಟಿ ಧೂಳು ಕೊಡವಿ, ತೊಳೆಯಬೇಡಿ.

ಎಲ್ಲರೂ ಮರೆಯುವುದು ಗೇರ್ ಹೆಡ್. ಬ್ಲೇಡಿನ ಮೇಲಿರುವ ಆ ಸಣ್ಣ ಪೆಟ್ಟಿಗೆಯ ಬದಿಯಲ್ಲಿ ಒಂದು ಸ್ಕ್ರೂ ಇದೆ. ಸುಮಾರು 25 ಗಂಟೆ ಓಡಿದ ಮೇಲೆ ಅದನ್ನು ಬಿಚ್ಚಿ ನೋಡಿ. ಗ್ರೀಸ್ ಕಾಣದಿದ್ದರೆ ಗೇರ್‌ಗೆ ಹಾಕುವ ಗ್ರೀಸನ್ನೇ ತುಂಬಿ, ಮುಕ್ಕಾಲು ಭಾಗ ಸಾಕು. ಪೂರ್ತಿ ತುರುಕಿದರೆ ಬಿಸಿಯಾಗಿ ಸೀಲ್ ಒಡೆಯುತ್ತದೆ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ, ಕತ್ತಿಯ ಸಾಲಿನಲ್ಲಿ ಈಗ ಮೆಷಿನ್‌ಗೂ ಹೂವು ಬೀಳುತ್ತದೆ ಅಲ್ವಾ? ಹೂವಿಗೆ ಮೊದಲು ಗ್ರೀಸ್ ಹಾಕಿ. ಮಳೆಗಾಲದ ಕಳೆಗೂ ಕೊಯ್ಲಿಗೆ ಮುಂಚಿನ ಕಳೆಗೂ ನಡುವೆ ಸರ್ವೀಸಿಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಆಗಲೇ ಪ್ಲಗ್ ಬಿಚ್ಚಿ ಮಸಿ ಉಜ್ಜಿ, ತುದಿಯ ಸಂದು ನೋಡಿ. ಮಾಡೆಲ್ ನೋಡಿಕೊಂಡು 0.5ರಿಂದ 0.7 ಮಿ.ಮೀ. ಇರಬೇಕು. ಬ್ಲೇಡನ್ನು ಚಪ್ಪಟೆ ಅರದಿಂದ ಹರಿತ ಮಾಡುವಾಗ ಎಲ್ಲ ಹಲ್ಲಿಗೂ ಒಂದೇ ಸಂಖ್ಯೆಯ ಉಜ್ಜು ಕೊಡಿ. ಒಂದು ಕಡೆ ಜಾಸ್ತಿ ಸವೆದರೆ ತೂಕ ತಪ್ಪಿ ಮೆಷಿನ್ ನಡುಗುತ್ತದೆ.

ಕೊಯ್ಲಿನ ಕಾಲಕ್ಕೆ ತಿಂಗಳುಗಟ್ಟಲೆ ಮೂಲೆಗಿಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ. ಪ್ಲಗ್ ತೆಗೆದು ತೂತಿಗೆ ಕೆಲವು ಹನಿ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು, ಪ್ಲಗ್ ಹಾಕಿ. ಬ್ಲೇಡಿಗೆ ಆಯಿಲ್ ಸವರಿ ಕವರ್ ಹಾಕಿ. ತೇವ ಎಂದು ಒಲೆಯ ಅಟ್ಟದ ಹತ್ತಿರ ನೇತುಹಾಕಬೇಡಿ, ಟ್ಯಾಂಕಿನಲ್ಲಿ ಆವಿ ಉಳಿದಿರುತ್ತದೆ.

ಸ್ಟಾರ್ಟ್ ಆಗದಿದ್ದರೆ

ಸ್ವಿಚ್ ಆನ್ ಇದೆಯೇ ಎಂದು ಮೊದಲು ನೋಡಿ, ನಗಬೇಡಿ. ಆಮೇಲೆ ಪೆಟ್ರೋಲ್ ಹಳೆಯದೇ ಎಂದು ಯೋಚಿಸಿ. ಪ್ಲಗ್ ಬಿಚ್ಚಿ. ಒದ್ದೆಯಾಗಿದ್ದರೆ ಒರೆಸಿ, ಪ್ಲಗ್ ಇಲ್ಲದೆ ಚೋಕ್ ತೆಗೆದು, ಸ್ವಿಚ್ ಆಫ್ ಮಾಡಿ ಕೆಲವು ಸಲ ಹಗ್ಗ ಎಳೆಯಿರಿ, ಆಮೇಲೆ ಹಾಕಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನೊಳಗಿನ ಸಣ್ಣ ಫಿಲ್ಟರ್ ಕಟ್ಟಿರಬಹುದು, ಪೈಪು ಬಿರಿದಿರಬಹುದು. ಸ್ಟಾರ್ಟ್ ಆಗಿ ವೇಗ ಏರದಿದ್ದರೆ ಏರ್ ಫಿಲ್ಟರ್ ನೋಡಿ, ನಂತರ ಸೈಲೆನ್ಸರ್ ಬಾಯಿಯ ಜಾಲರಿ ನೋಡಿ. ಟೂ ಸ್ಟ್ರೋಕ್‌ನಲ್ಲಿ ಅದಕ್ಕೆ ಮಸಿ ತುಂಬುತ್ತದೆ. ಜಾಲರಿ ತೊಳೆದು ಮತ್ತೆ ಹಾಕಿ, ಕಿಡಿ ಹೊರಗೆ ಬಾರದಂತೆ ತಡೆಯುವುದು ಅದೇ.

ಇಷ್ಟಕ್ಕೂ ಸರಿಹೋಗದೆ, ಹಗ್ಗ ಎಳೆದಾಗ ಬಿಗಿಯೇ ಸಿಗುತ್ತಿಲ್ಲ ಎಂದಾದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಎರಡು ನಿಮಿಷ ಓಡಿ ನಿಂತು, ಮತ್ತೆ ಓಡಿ ನಿಲ್ಲುತ್ತಿದ್ದರೆ ಕಾರ್ಬ್ಯುರೇಟರ್ ಡಯಾಫ್ರಮ್ ಮೇಲೆ ಅನುಮಾನ. ಎರಡನ್ನೂ ಮೆಕ್ಯಾನಿಕ್‌ಗೆ ಬಿಡಿ. ಮೇ ತಿಂಗಳಲ್ಲೇ ಒಯ್ಯಿರಿ. ಜೂನ್ ಮಳೆ ಬಿದ್ದ ಮೇಲೆ ಗೋಣಿಕೊಪ್ಪವಿರಲಿ, ಮಡಿಕೇರಿ ಇರಲಿ, ಅಂಗಡಿಯ ಮುಂದೆ ನಿಮ್ಮದಕ್ಕಿಂತ ಮುಂಚೆ ಬಂದ ಮೆಷಿನ್‌ಗಳು ಸಾಲಾಗಿ ಒರಗಿರುತ್ತವೆ.